ಸಿಲಿಂಡರ್ ಗೋಡೆ ಕನಿಷ್ಠ ಎಷ್ಟು ದಪ್ಪ ಉಳಿದಿರಬೇಕು?

ಪ್ರಶ್ನೆ: ನನ್ನ ಬಳಿ 1970ರ ದಶಕದ ಶೆವ್ರೊಲೆ 350 (ಘನ ಇಂಚು ಗಾತ್ರದ) ವಿ8 ಎಂಜಿನ್ನಿನ ಬ್ಲಾಕ್ ಇದೆ. ಹಿಂದೊಮ್ಮೆ 30 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ರೀಬೋರ್ ಆಗಿದೆ, ಅಂದರೆ ಸಿಲಿಂಡರುಗಳ ವ್ಯಾಸವನ್ನು ಅಷ್ಟು ಹಿಗ್ಗಿಸಿ ಕೊರೆಸಿದೆ. ಈಗ 60 ಥೌಗೆ ಬೋರ್ ಮಾಡಿಸಿ, ಟರ್ಬೊ ಅಳವಡಿಸಬೇಕೆಂದಿದ್ದೇನೆ. ಗೋಡೆ ಎಷ್ಟು ದಪ್ಪವಿದ್ದರೆ ಕ್ಷೇಮ?

ಉತ್ತರ: ಎಂಜಿನ್ ಕಟ್ಟುವವರಲ್ಲಿ ರೂಢಿಯಲ್ಲಿರುವ ಅಂದಾಜನ್ನು ಮೊದಲು ಹೇಳುತ್ತೇನೆ. ಟರ್ಬೊ ಇರುವ ಅಥವಾ ರೇಸಿಗೆ ಓಡುವ ಬೀಡು ಕಬ್ಬಿಣದ ಬ್ಲಾಕಿನಲ್ಲಿ, ಪಿಸ್ಟನ್ ಹೆಚ್ಚು ಒತ್ತುವ ಮಗ್ಗುಲಿನ ಗೋಡೆ ಬೋರಿಂಗ್ (ಕೊರೆಯುವುದು) ಮತ್ತು ಹೋನಿಂಗ್ (ಸಾಣೆಕಲ್ಲಿನಿಂದ ನಯವಾಗಿ ಉಜ್ಜುವುದು) ಎರಡೂ ಮುಗಿದ ಮೇಲೆ ಸುಮಾರು 5 ಮಿ.ಮೀ. ಉಳಿದಿರಬೇಕು, ಉಳಿದ ಮಗ್ಗುಲುಗಳಲ್ಲಿ 4 ಮಿ.ಮೀ. ಸಾಕು. ಟರ್ಬೊ ಇಲ್ಲದೆ ರಸ್ತೆಯಲ್ಲಿ ಓಡುವ ಸಾಧಾರಣ ಎಂಜಿನ್ನಿಗೆ 3.5 ಮಿ.ಮೀ. ನಡೆಯುತ್ತದೆ. 3 ಮಿ.ಮೀ.ಗಿಂತ ತೆಳುವಾದ ಗೋಡೆಯ ಮೇಲೆ ಹೆಚ್ಚು ಶಕ್ತಿಯ ಎಂಜಿನ್ ಕಟ್ಟುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಆದರೆ ನಿಮ್ಮ ಬ್ಲಾಕಿನಲ್ಲಿ ಎಷ್ಟು ದಪ್ಪ ಉಳಿದಿದೆ ಎಂಬುದನ್ನು ‘30 ಥೌ’, ‘60 ಥೌ’ ಎಂಬ ಲೆಕ್ಕದಿಂದ ತಿಳಿಯಲು ಸಾಧ್ಯವಿಲ್ಲ. ಆ ಲೆಕ್ಕ ಎಷ್ಟು ಲೋಹ ಹೋಗಿದೆ ಎಂಬುದನ್ನಷ್ಟೇ ಹೇಳುತ್ತದೆ. 60 ಥೌ ಎಂದರೆ ವ್ಯಾಸದಲ್ಲಿ 1.52 ಮಿ.ಮೀ., ಅಂದರೆ ಪ್ರತಿ ಮಗ್ಗುಲಿನಿಂದ 0.76 ಮಿ.ಮೀ. ಶೆವ್ರೊಲೆಯದೇ ಮುಂದಿನ ಪೀಳಿಗೆಯ 5.3 ಲೀಟರಿನ ಕಬ್ಬಿಣದ ಬ್ಲಾಕನ್ನು 96 ಮಿ.ಮೀ. ಬೋರಿನಿಂದ 99 ಮಿ.ಮೀ.ಗೆ, ಅಂದರೆ ಇದರ ಎರಡರಷ್ಟು ದೊಡ್ಡದಾಗಿ ಕೊರೆಯುವ ಪದ್ಧತಿಯೂ ಇದೆ. ಅದರ ಗೋಡೆಗೆ ಅಷ್ಟು ಲೋಹ ಇರುವುದರಿಂದ ಅದು ತಡೆದುಕೊಳ್ಳುತ್ತದೆ. ಅದೇ ಪೀಳಿಗೆಯ ಅಲ್ಯೂಮಿನಿಯಂ ಬ್ಲಾಕಿನ ಕಬ್ಬಿಣದ ಲೈನರ್ (ಸಿಲಿಂಡರಿನೊಳಗೆ ಕೂರಿಸಿದ ಕೊಳವೆ) ತೆಳುವಾಗಿರುವುದರಿಂದ ಅಲ್ಲಿ ಕೆಲವೇ ಥೌಗಳಷ್ಟು ಹೋನ್ ಮಾಡಿ ನಿಲ್ಲಿಸಬೇಕಾಗುತ್ತದೆ.

ಒಂದೇ ಮಾದರಿಯ ಎರಡು ಬ್ಲಾಕುಗಳು ಕೂಡ ಸಮನಾಗಿರುವುದಿಲ್ಲ. ನೀರು ಹರಿಯುವ ಜಾಗವನ್ನು ಉಳಿಸಿಕೊಳ್ಳಲು ಅಚ್ಚಿನೊಳಗೆ ಮರಳಿನ ಕೋರ್ ಇಟ್ಟು, ಅದರ ಸುತ್ತ ಕರಗಿದ ಕಬ್ಬಿಣ ಸುರಿಯುತ್ತಾರೆ. ಆ ಕೋರ್ ಸ್ವಲ್ಪವೇ ಸರಿದರೂ ಸಿಲಿಂಡರಿನ ಒಂದು ಮಗ್ಗುಲು ದಪ್ಪವಾಗಿ, ಎದುರಿನದು ಅಷ್ಟೇ ತೆಳುವಾಗುತ್ತದೆ. ಅದರ ಮೇಲೆ ದಶಕಗಳ ತುಕ್ಕು ನೀರಿನ ಕಡೆಯಿಂದ ಗೋಡೆಯನ್ನು ತಿಂದಿರುತ್ತದೆ, ಮತ್ತು ಅದು ಬೋರಿನೊಳಗೆ ಇಣುಕಿ ನೋಡಿದರೆ ಕಾಣುವುದಿಲ್ಲ.

ಯಾವ ಮಗ್ಗುಲು ತೆಳುವಾಗಿದೆ ಎಂಬುದಕ್ಕೆ ಇಷ್ಟು ಮಹತ್ವ ಏಕೆಂದರೆ, ಉರಿದ ಅನಿಲ ಪಿಸ್ಟನ್ನನ್ನು ಕೆಳಕ್ಕೆ ತಳ್ಳುವಾಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ, ಓರೆಯಾಗಿ ನಿಂತ ಕನೆಕ್ಟಿಂಗ್ ರಾಡ್ ಅದನ್ನು ಒಂದೇ ಮಗ್ಗುಲಿಗೆ ಒತ್ತುತ್ತದೆ. ನಿಮ್ಮ ಎಂಜಿನ್ನಿನ ಮುಂದೆ ನಿಂತು ನೋಡಿದರೆ ಕ್ರ್ಯಾಂಕ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ, ಹಾಗಾಗಿ ಪ್ರತಿ ಸಿಲಿಂಡರಿನಲ್ಲೂ ನಿಮ್ಮ ಎಡಕ್ಕಿರುವ ಗೋಡೆಯೇ ಈ ಭಾರ ಹೊರುತ್ತದೆ: ನಿಮ್ಮ ಎಡಗಡೆಯ ಸಾಲಿನಲ್ಲಿ ಅದು ಹೊರಮಗ್ಗುಲು, ನಿಮ್ಮ ಬಲಗಡೆಯ ಸಾಲಿನಲ್ಲಿ ಎರಡು ಸಾಲುಗಳ ನಡುವಿನ ಒಳಮಗ್ಗುಲು.

ಇನ್ನು ಅನಿಲದ ಒತ್ತಡ. ಟರ್ಬೊ ಎಂಜಿನ್ನಿನ ಸಿಲಿಂಡರಿನಲ್ಲಿ ಗರಿಷ್ಠ ಒತ್ತಡ 100 ಬಾರ್ (10 ಮೆಗಾಪಾಸ್ಕಲ್) ಮುಟ್ಟಿತೆಂದು ಇಟ್ಟುಕೊಳ್ಳಿ. 102 ಮಿ.ಮೀ. ಬೋರಿನ ಗೋಡೆ 5 ಮಿ.ಮೀ. ದಪ್ಪವಿದ್ದರೆ, ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸುವ ಸರಳ ಸೂತ್ರದ ಪ್ರಕಾರ ಗೋಡೆಯ ಲೋಹದ ಮೇಲೆ ಬೀಳುವ ಎಳೆತ ಸುಮಾರು 102 ಮೆಗಾಪಾಸ್ಕಲ್, 3 ಮಿ.ಮೀ. ಇದ್ದರೆ 170. ಸಾಮಾನ್ಯ ಬೂದು ಬೀಡು ಕಬ್ಬಿಣ ಸುಮಾರು 200 ಮೆಗಾಪಾಸ್ಕಲ್ ಎಳೆತಕ್ಕೇ ಹರಿಯುತ್ತದೆ, ಮತ್ತು ನಿಮಿಷಕ್ಕೆ ಸಾವಿರಾರು ಸಲ ಮರುಕಳಿಸುವ ಎಳೆತಕ್ಕೆ ಅದಕ್ಕಿಂತ ಬಹಳ ಮೊದಲೇ ಸೋಲುತ್ತದೆ. ಸಿಲಿಂಡರಿನ ಮೇಲ್ತುದಿಗೆ ಬ್ಲಾಕಿನ ಮೇಲ್ಮೈಯ ಆಸರೆ ಇರುವುದರಿಂದ ನಿಜವಾದ ಎಳೆತ ಇದಕ್ಕಿಂತ ಬೇರೆಯಾಗಿರುತ್ತದೆ ನಿಜ. ಆದರೆ ಎಂಜಿನ್ ನಾಕಿಂಗ್ ಮಾಡಿತೆಂದರೆ, ಅಂದರೆ ಇಂಧನ ಕ್ರಮವಾಗಿ ಉರಿಯದೆ ಒಮ್ಮೆಲೇ ಸಿಡಿದರೆ, ಒತ್ತಡ ಕ್ಷಣಮಾತ್ರದಲ್ಲಿ ಈ ಲೆಕ್ಕವನ್ನು ಮೀರಿ ಏರುತ್ತದೆ.

ಗೋಡೆ ಸೀಳುವ ಮೊದಲೇ ಇನ್ನೊಂದು ನಷ್ಟ ಶುರುವಾಗಿರುತ್ತದೆ, ಅದನ್ನು ಹಲವರು ಗಮನಿಸುವುದಿಲ್ಲ. ತೆಳುವಾದ ಗೋಡೆ ಒತ್ತಡಕ್ಕೆ ಬಾಗುತ್ತದೆ, ಬೋರ್ ದುಂಡಗೆ ಉಳಿಯುವುದಿಲ್ಲ, ಪಿಸ್ಟನ್ ಸುತ್ತಲಿನ ರಿಂಗ್ ಅದಕ್ಕೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಅನಿಲ ರಿಂಗಿನ ಪಕ್ಕದಿಂದ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ, ಎಣ್ಣೆ ಮೇಲೇರಿ ಉರಿಯುತ್ತದೆ. ಬೋರ್ ದೊಡ್ಡದು ಮಾಡಿ ಗಳಿಸಿದ ಶಕ್ತಿ ಹೀಗೆ ಸೋರಿಹೋಗುತ್ತದೆ.

ಆ ಗಳಿಕೆಯಾದರೂ ಎಷ್ಟು? 350ನ್ನು 30 ಥೌ ಬೋರ್ ಮಾಡಿದಾಗ ಅದು 355 ಘನ ಇಂಚು, 60 ಥೌ ಮಾಡಿದಾಗ 360. ನೀವು ಈಗ ಕೇಳುತ್ತಿರುವ ಹೆಚ್ಚುವರಿ ಗಾತ್ರ ಶೇ. 1.5ರಷ್ಟು ಮಾತ್ರ, ಅದನ್ನು ಟರ್ಬೊ ಒತ್ತಡವನ್ನು ತುಸು ಏರಿಸಿಯೇ ಪಡೆಯಬಹುದು. ಟರ್ಬೊ ಇಲ್ಲದೆಯೇ ಗಾತ್ರ ಬೇಕೆನ್ನುವವರು 30 ಥೌ ಬೋರನ್ನೇ ಉಳಿಸಿಕೊಂಡು, 3.75 ಇಂಚು ಸ್ಟ್ರೋಕಿನ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರದ) ಕ್ರ್ಯಾಂಕ್ ಹಾಕಿ 383 ಘನ ಇಂಚು ಪಡೆಯುತ್ತಾರೆ. ಈಗಿನ ಬೋರ್ ಹೋನಿಂಗಿಗಷ್ಟೇ ಸರಿಹೋಗುವಂತಿದ್ದರೆ 60 ಥೌ ಆಲೋಚನೆಯನ್ನು ನೀವು ಕೈಬಿಡಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಏನೇ ಮಾಡಿದರೂ ಅಲ್ಟ್ರಾಸಾನಿಕ್ ಉಪಕರಣದಿಂದ ಗೋಡೆಯ ದಪ್ಪ ಅಳೆಸದೆ ಮುಂದುವರಿಯಬೇಡಿ. ಪ್ರತಿ ಸಿಲಿಂಡರಿನ ಮೇಲೆ, ನಡುವೆ, ಕೆಳಗೆ, ನಾಲ್ಕು ಮಗ್ಗುಲುಗಳಲ್ಲಿ ಅಳೆದರೆ ಎಂಟು ಸಿಲಿಂಡರಿಗೆ 96 ಅಳತೆಗಳಾಗುತ್ತವೆ. ಅವುಗಳ ಸರಾಸರಿಯನ್ನಲ್ಲ, ಅತಿ ತೆಳುವಾದ ಜಾಗವನ್ನು ನೋಡಿ. ಬೀಡು ಕಬ್ಬಿಣದಲ್ಲಿ ಧ್ವನಿಯ ವೇಗ ಎರಕದಿಂದ ಎರಕಕ್ಕೆ ಬದಲಾಗುವುದರಿಂದ, ಮೈಕ್ರೋಮೀಟರಿಗೆ ಸಿಗುವ ಅದೇ ಬ್ಲಾಕಿನ ಒಂದು ಭಾಗದ ಮೇಲೆ ಉಪಕರಣವನ್ನು ಹೊಂದಿಸಿಕೊಂಡರೇ ಎಂದು ಕೇಳಿ ತಿಳಿದುಕೊಳ್ಳಿ. ಉಕ್ಕಿಗೆ ಹೊಂದಿಸಿದ ಉಪಕರಣ ನಿಮ್ಮ ಗೋಡೆಯನ್ನು ಇರುವುದಕ್ಕಿಂತ ದಪ್ಪವಾಗಿ ತೋರಿಸುತ್ತದೆ.

ಒಂದೇ ಸಿಲಿಂಡರ್ ತೆಳುವಾಗಿದ್ದರೆ ಅದಕ್ಕೆ ಲೈನರ್ ಹಾಕಿಸಿ ಬ್ಲಾಕನ್ನು ಉಳಿಸಿಕೊಳ್ಳಬಹುದು. ಮೂರು ನಾಲ್ಕು ಸಿಲಿಂಡರುಗಳು ತೆಳುವಾಗಿದ್ದರೆ ಬೇರೆ ಬ್ಲಾಕ್ ಹುಡುಕುವುದೇ ಲೇಸು, ಏಕೆಂದರೆ ಲೈನರಿಗಾಗಿ ಇನ್ನಷ್ಟು ಕೊರೆದಾಗ ಬ್ಲಾಕಿನ ಬಿಗುವೇ ಕುಗ್ಗುತ್ತದೆ. ಅಳತೆಯ ಪಟ್ಟಿ ಕೈಗೆ ಬಂದ ಮೇಲೆಯೇ ಪಿಸ್ಟನ್ ಕೊಳ್ಳಿ, ಮತ್ತು ಹೆಡ್ ಬೋಲ್ಟುಗಳ ಬಿಗಿತಕ್ಕೆ ಬೋರ್ ಹೇಗೆ ಬಾಗುತ್ತದೋ ಹಾಗೆಯೇ ಬಾಗಿಸಿಕೊಂಡು ಹೋನ್ ಮಾಡಲು ಟಾರ್ಕ್ ಪ್ಲೇಟ್ (ಹೆಡ್ ಬದಲಿಗೆ ಬ್ಲಾಕಿಗೆ ಬಿಗಿಯುವ ದಪ್ಪ ಫಲಕ) ಇರುವ ಶಾಪಿಗೇ ಬ್ಲಾಕ್ ಕೊಡಿ.