ಅಪಚಾರಕ್ಕೂ ಸರ್ಪಸುತ್ತಿಗೂ ಏನು ನಂಟು?

ಉಪಚಾರ, ಅಪಚಾರ. ಒಂದೇ ಅಕ್ಷರ ಬೇರೆ. ಎರಡರ ಒಳಗೂ ಕೂತಿರುವುದು 'ಚರ್' ಎಂಬ ಧಾತು, ಅಂದರೆ ನಡೆಯುವುದು. ಹತ್ತಿರವಿದ್ದು ನಡೆದುಕೊಂಡರೆ ಉಪಚಾರ, ದಾರಿ ಬಿಟ್ಟು ನಡೆದರೆ ಅಪಚಾರ. ದೇವರಿಗೆ 16 ಬಗೆಯ ಉಪಚಾರ ಉಂಟು. ಮನೆಗೆ ಬಂದ ನೆಂಟರಿಗೂ, ಹಾಸಿಗೆ ಹಿಡಿದವರಿಗೂ ಉಪಚಾರ ಉಂಟು. ಅಪಚಾರ ಮಾತ್ರ ನಮ್ಮಲ್ಲಿ ದೇವಸ್ಥಾನ, ಬನ, ಭೂತದ ಕಟ್ಟೆಗಳಲ್ಲೇ ಉಳಿದುಬಿಟ್ಟಿದೆ. ಹಳೆಯ ಸಂಸ್ಕೃತದಲ್ಲಿ ಹಾಗಿರಲಿಲ್ಲ. ರೋಗಿ ಪಥ್ಯ ತಪ್ಪಿದರೆ ಅದನ್ನೂ ಅಪಚಾರ ಎನ್ನುತ್ತಿದ್ದರು!

ಈ ಪದ ಒಳ್ಳೆಯ ಕೆಲಸವನ್ನೂ ಮಾಡಿದೆ. ತೀರ್ಥಹಳ್ಳಿ ತಾಲೂಕಿನ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳು ಮೆಟ್ಟಿಲ ತನಕ ಬಂದು ಮಂಡಕ್ಕಿ ತಿನ್ನುತ್ತವೆ. ದೇವರ ಮೀನು, ಹಿಡಿದರೆ ಅಪಚಾರ. ಇಲ್ಲಿ ಮಾತು ಸ್ಪಷ್ಟ: ನೀನು ಇದನ್ನು ಮಾಡಬೇಡ. ನನಗೆ ತಕರಾರಿರುವುದು 'ಅಪಚಾರ ಆಗಿದೆ' ಎಂಬ ಮಾತಿನ ಬಗ್ಗೆ. 'ಮಾಡಿದ' ಅಂದರೆ ಯಾರು, ಏನು, ಯಾವಾಗ ಅಂತ ಕೇಳಬಹುದು. 'ಆಗಿದೆ' ಅಂದರೆ ಕರ್ತೃವೇ ಇಲ್ಲ. ಯಾವ ಕಷ್ಟವನ್ನು ಬೇಕಾದರೂ ಅದರೊಳಗೆ ತುಂಬಬಹುದು.

ನಮ್ಮ ಚಿಕ್ಕಮ್ಮನಿಗೆ ಆದದ್ದು ಹೀಗೆ. ಎಡಪಕ್ಕೆಯಲ್ಲಿ ಎರಡು ದಿನ ಉರಿ. ಮೂರನೇ ದಿನ ಸಾಸಿವೆ ಕಾಳಿನಷ್ಟು ನೀರುಗುಳ್ಳೆಗಳು, ಗೊಂಚಲು ಗೊಂಚಲು, ಎದೆಯಿಂದ ಬೆನ್ನಿನ ಕಡೆಗೆ ಸಾಲಾಗಿ. ಸರ್ಪಸುತ್ತು. "ಬನಕ್ಕೆ ಏನೋ ಅಪಚಾರ ಆಗಿದೆ ಮಾರಾಯ್ತಿ" ಅಂದರು ನೆರೆಮನೆಯವರು. ಹಿಂದಿನ ವಾರ ಸೊಪ್ಪಿನಬೆಟ್ಟಕ್ಕೆ ಹೋದಾಗ ನಾಗರ ಬನದ ಕಡೆಯ ಕೊಂಬೆಯೊಂದನ್ನು ಕಡಿದದ್ದು ನೆನಪಿಗೆ ಬಂತು. ಬರದೇ ಇರುತ್ತದೆಯೇ? ಅಡಿಕೆ ತೋಟದವರು ವರ್ಷವಿಡೀ ಬನದ ಆಸುಪಾಸಿನಲ್ಲೇ ಇರುತ್ತಾರೆ. ಹುಡುಕಿದರೆ ಯಾವ ವಾರದಲ್ಲೂ ಒಂದು ಕೊಂಬೆ ಸಿಗುತ್ತದೆ. ಕೆಮ್ಮಣ್ಣು ಹಚ್ಚಿದರು, ಹರಕೆ ಹೊತ್ತರು. ಗುಳ್ಳೆಗಳ ಸಾಲು ಮೈ ಸುತ್ತಿ ಬಂದು ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ ಅಂತ ಹೆದರಿಸಿದರು. ಐದು ದಿನ ಹಾಗೇ ಹೋಯಿತು.

ಆ ತಲೆ ಬಾಲ ಸಾಮಾನ್ಯವಾಗಿ ಕೂಡುವುದೇ ಇಲ್ಲ. ಯಾಕೆ ಗೊತ್ತಾ? ಚಿಕ್ಕಂದಿನಲ್ಲಿ 'ಅಮ್ಮ' ಬಂದಿತ್ತಲ್ಲ, ಸೀತಾಳೆ ಸಿಡುಬು, ಅದರ ವೈರಸ್ ಗುಳ್ಳೆ ಒಣಗಿದ ಮೇಲೂ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕೂರುತ್ತದೆ, ಬಚ್ಚಲೊಲೆಯ ಬೂದಿಯೊಳಗಿನ ಕೆಂಡದ ಹಾಗೆ. ವಯಸ್ಸಾಗಿ ದೇಹದ ಕಾವಲು ಸಡಿಲವಾದಾಗ ಯಾವುದೋ ಒಂದು ಗಂಟಿನಲ್ಲಿ ಕೆಂಡ ಮತ್ತೆ ಉರಿಯುತ್ತದೆ. ವೈರಸ್ ಆ ನರ ಹಿಡಿದು ಚರ್ಮಕ್ಕೆ ಇಳಿಯುತ್ತದೆ. ಎದೆಯ ಭಾಗದಲ್ಲಿ ಇಂಥ ನರಗಳು 12 ಜೋಡಿ. ಎಡಗಡೆಯದ್ದು ಎಡಭಾಗದ ಒಂದು ಪಟ್ಟಿಗೆ ಮಾತ್ರ, ಬಲಗಡೆಯದ್ದು ಬಲಕ್ಕೆ ಮಾತ್ರ. ತೋಟದ ಬಸಿಗಾಲುವೆಯ ಹಾಗೆ: ಈ ಸಾಲಿನ ನೀರು ಆ ಸಾಲಿಗೆ ಹಾರುವುದಿಲ್ಲ. ಅಥವಾ ಕರೆಂಟಿನ ಹಾಗೆ: ಒಂದು ಲೈನು ಕೆಟ್ಟರೆ ಆ ಲೈನಿನ ಮನೆಗಳು ಮಾತ್ರ ಕತ್ತಲೆ, ರಸ್ತೆಯ ಆಚೆ ಬದಿ ದೀಪ ಉರಿಯುತ್ತಲೇ ಇರುತ್ತದೆ. ಚಿಕ್ಕಮ್ಮನ ಗುಳ್ಳೆಗಳು ಬೆನ್ನುಮೂಳೆಯ ಹತ್ತಿರ ಗೆರೆ ಎಳೆದಂತೆ ನಿಂತಿದ್ದವು. 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಇಂಥ ಗುಳ್ಳೆಗಳ ಜಾಡು ಹಿಡಿದೇ, ಚರ್ಮದ ಯಾವ ಪಟ್ಟಿ ಯಾವ ನರದ್ದು ಅಂತ ನಕ್ಷೆ ಬರೆದರು.

ಹೆಸರಿನ ವಿಷಯದಲ್ಲಿ ಗ್ರೀಕರೂ ನಮ್ಮ ಹಾಗೇ. ಡಾಕ್ಟರುಗಳು ಸರ್ಪಸುತ್ತಿಗೆ 'ಹರ್ಪಿಸ್ ಜೋಸ್ಟರ್' ಅನ್ನುತ್ತಾರೆ, ಎರಡೂ ಗ್ರೀಕ್ ಪದಗಳು. 'ಹರ್ಪಿಸ್' ಅಂದರೆ ತೆವಳುವುದು. ಹಾವು ಹಲ್ಲಿಗಳ ಶಾಸ್ತ್ರಕ್ಕೆ ಹರ್ಪೆಟಾಲಜಿ ಎಂಬ ಹೆಸರು ಬಂದದ್ದೂ ಅದೇ ಬೇರಿನಿಂದ. 'ಜೋಸ್ಟರ್' ಅಂದರೆ ನಡುಪಟ್ಟಿ. ನಮ್ಮವರು ಇವೆರಡನ್ನೂ ಸೇರಿಸಿ ಸರ್ಪಸುತ್ತು ಅಂದರು. ಚೆಂದದ ಹೆಸರು, ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತದೆ. ಕಾಯಿಲೆಗೆ ಹಾವಿನ ಹೆಸರಿದೆ ಎಂದ ಮಾತ್ರಕ್ಕೆ ಹಾವೇ ಕಾರಣ ಆಗಬೇಕಿಲ್ಲ ಅಲ್ವಾ?

ಮೂರು ವಾರದೊಳಗೆ ಚಿಕ್ಕಮ್ಮನ ಮೊಮ್ಮಗನಿಗೆ ಸೀತಾಳೆ ಸಿಡುಬು ಬಂತು. ಮತ್ತೊಂದು ಅಪಚಾರ ಅಂದರು. ಗುಳ್ಳೆಯ ನೀರಿನಲ್ಲಿ ವೈರಸ್ ಇತ್ತು, ಮಗು ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಿತ್ತು, ಅಷ್ಟೇ. ಸರ್ಪಸುತ್ತು ಇರುವವರ ಮನೆಯ ಮಕ್ಕಳಿಗೆ ಸೀತಾಳೆ ಸಿಡುಬು ಬರುವುದನ್ನು ಹಂಗೇರಿಯ ವೈದ್ಯ ಬೋಕಾಯ್ 1892ರಲ್ಲೇ ಬರೆದಿದ್ದರು. ಎರಡರಲ್ಲೂ ಇರುವ ವೈರಸ್ ಒಂದೇ ಅಂತ 1950ರ ದಶಕದಲ್ಲಿ ಥಾಮಸ್ ವೆಲ್ಲರ್ ಪ್ರಯೋಗಾಲಯದಲ್ಲಿ ತೋರಿಸಿದರು.

ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಅಸೈಕ್ಲೋವಿರ್‌ನಂಥ ಮಾತ್ರೆ ಶುರು ಮಾಡಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಶಿವಮೊಗ್ಗದ ಡಾಕ್ಟರು "ಮೊದಲೇ ಯಾಕೆ ಬರಲಿಲ್ಲ?" ಅಂದಾಗ ಚಿಕ್ಕಮ್ಮ ಉತ್ತರ ಕೊಡಲಿಲ್ಲ. ಗುಳ್ಳೆ ಮಾಯ್ದು ಎಂಟು ತಿಂಗಳಾಯಿತು. ಈಗಲೂ ಎಡಪಕ್ಕೆಗೆ ಸೆರಗು ತಾಗಿದರೆ "ಹಾ" ಅಂತ ಕೈ ಅಡ್ಡ ಹಿಡಿಯುತ್ತಾರೆ. ನಾಗರಪಂಚಮಿಗೆ ಬನಕ್ಕೆ ಹಾಲೆರೆಯಲು ನಾನೇ ಕರೆದುಕೊಂಡು ಹೋಗಿದ್ದೆ. ಚೊಂಬನ್ನು ಬಲಗೈಯಲ್ಲೇ ಹಿಡಿದಿದ್ದರು.