ಮಳೆಗಾಲದಲ್ಲಿ ಹಂಟರ್ ರೆಕ್ಕೆಗೆ ಬಿಳಿ ಪುಡಿ ಬಂತು, ಏನು ಮಾಡಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹಳೇ ಯುದ್ಧವಿಮಾನ, ಟ್ಯಾಂಕುಗಳ ಡೈಕಾಸ್ಟ್ ಮಾದರಿ, ಅಂದರೆ ಅಚ್ಚಿಗೆ ಲೋಹ ಹೊಯ್ದು ಮಾಡಿದ ಪುಟ್ಟ ಮಾದರಿ ಕೂಡಿಡುತ್ತೇನೆ. ಈ ಮಳೆಗಾಲದಲ್ಲಿ ಹಂಟರ್ ವಿಮಾನದ ರೆಕ್ಕೆಯಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಬಿಳಿ ಪುಡಿ ಉದುರುತ್ತಿದೆ. ಉಳಿದವಕ್ಕೂ ಹರಡುತ್ತದಾ? ಹೇಗೆ ಉಳಿಸಿಕೊಳ್ಳಲಿ?

ಉತ್ತರ: ಮೊದಲು ಒರೆಸುವ ಬಟ್ಟೆ ಪಕ್ಕಕ್ಕಿಡಿ. ಒಂದು ಭೂತಗನ್ನಡಿ ತಗೊಂಡು ಕಿಟಕಿ ಬೆಳಕಿನಲ್ಲಿ ಕೂತು ಸರಿಯಾಗಿ ನೋಡಿ. ಬಿಳಿಯಾಗಿ ಕಾಣುವುದು ಮೂರು ಬೇರೆ ಬೇರೆ ತೊಂದರೆ ಇರಬಹುದು. ಮೂರಕ್ಕೂ ಒಂದೇ ಮದ್ದಿಲ್ಲ.

ಅತಿ ಸುಲಭದ್ದು ಬೂಷ್ಟು. ಇದು ಹತ್ತಿಯ ಹಾಗೆ ಮೆತ್ತಗೆ ಇರುತ್ತದೆ. ಟೈರು, ಸ್ಟಿಕ್ಕರು, ರಟ್ಟಿನ ಪೆಟ್ಟಿಗೆಯ ಮೇಲೆ ಜಾಸ್ತಿ. ಮೆತ್ತನೆಯ ಬ್ರಶ್ ಆಡಿಸಿದರೆ ಹೋಗುತ್ತದೆ, ಬಣ್ಣ ಕೆಡುವುದಿಲ್ಲ.

ಎರಡನೆಯದು ಸತುವಿನ ಬಿಳಿ ತುಕ್ಕು. ಡೈಕಾಸ್ಟ್ ಅಂದರೆ ಬಹುಪಾಲು ಸತು, ಜೊತೆಗೆ ಸುಮಾರು 4 ಶೇಕಡಾ ಅಲ್ಯೂಮಿನಿಯಂ. ಬಣ್ಣ ಕಿತ್ತುಹೋದ ಅಂಚಿಗೆ ನೀರು ತಾಗಿದರೆ ಅಲ್ಲಿ ಪುಡಿ ಏಳುತ್ತದೆ, ಅದೇ ಅಕ್ಕಪಕ್ಕದ ಬಣ್ಣವನ್ನು ಎತ್ತುತ್ತದೆ. ನನ್ನ ಹಂಟರ್‌ಗೂ ಹೀಗೇ ಆಗಿತ್ತು. 1971ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಿಂದ ಹಾರಿ ರಾಜಸ್ಥಾನ ಗಡಿಯ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದ ವಿಮಾನ ಅದು. ಆ ಪ್ರೀತಿಗೇ 1:72 ಅಳತೆಯದ್ದು (ನಿಜ ವಿಮಾನದ 72ರಲ್ಲಿ ಒಂದು ಪಾಲಿನಷ್ಟು ಉದ್ದದ್ದು) ತಂದಿದ್ದೆ, ಮೂಗಿನಿಂದ ಬಾಲದವರೆಗೆ ಸುಮಾರು 19 ಸೆಂಟಿಮೀಟರ್. ಶಿವಮೊಗ್ಗದ ನಮ್ಮ ಮನೆಯಲ್ಲಿ ಮಳೆ ಹೊಡೆಯುವ ಗೋಡೆಗೆ ಒತ್ತಿದ ಶೋಕೇಸಿನಲ್ಲಿ ಇಟ್ಟಿದ್ದೆ. ಆಗಸ್ಟ್ ಹೊತ್ತಿಗೆ ರೆಕ್ಕೆಯ ಕೆಳಗೆ ಸಾಸಿವೆ ಕಾಳಿನಷ್ಟು ಗುಳ್ಳೆ. ಬಿದಿರು ಕಡ್ಡಿಯಿಂದ ಮುಟ್ಟಿದೆ, ಬಣ್ಣದ ಸಿಪ್ಪೆ ಕಳಚಿತು. ಒಳಗೆ ಸುಣ್ಣದಂಥ ಪುಡಿ, ಅದರಡಿ ಮಂಕಾದ ಬೂದು ಲೋಹ. ಹೊಟ್ಟೆ ಉರಿದುಹೋಯಿತು. ಆದರೆ ಲೋಹ ಗಟ್ಟಿಯಾಗಿತ್ತು, ಬಿರುಕು ಇರಲಿಲ್ಲ. ಒಣ ಕಡ್ಡಿಯಲ್ಲಿ ಪುಡಿ ಕೆರೆದು, ಎರಡು ದಿನ ಒಣಗಿಸಿ, ಆ ಚುಕ್ಕೆಗೆ ಮಾತ್ರ ತೆಳ್ಳಗೆ ವಾರ್ನಿಷ್ ಹಚ್ಚಿದೆ. ಅಲ್ಲಿಗೇ ನಿಂತಿದೆ.

ಒಂದು ಎಚ್ಚರಿಕೆ. ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಲೇಬೇಡಿ. ಹುಳಿ ಸತುವನ್ನು ತಿನ್ನುತ್ತದೆ.

ಮೂರನೆಯದಕ್ಕೆ ಕೂಡಿಡುವವರು ಜಿಂಕ್ ಪೆಸ್ಟ್ ಅನ್ನುತ್ತಾರೆ. ಇದು ಹೊರಗಿಂದ ಬರುವುದಲ್ಲ, ಎರಕ ಹೊಯ್ಯುವಾಗಲೇ ಒಳಗೆ ಸೇರಿರುತ್ತದೆ. ಸತುವಿಗೆ ಸೀಸದ ಕಲಬೆರಕೆಯಾದರೆ ಲೋಹದ ಕಣಗಳ ನಡುವಿನ ಗೆರೆಗುಂಟ ಕೊರೆತ ನಡೆಯುತ್ತದೆ. ಈಗಿನ ಮಿಶ್ರಲೋಹದಲ್ಲಿ ನೂರು ಗ್ರಾಂಗೆ 5 ಮಿಲಿಗ್ರಾಂಗಿಂತ ಜಾಸ್ತಿ ಸೀಸ ಇರಬಾರದು ಅನ್ನುವ ಮಿತಿ ಇದೆ. ಎರಡನೇ ಮಹಾಯುದ್ಧಕ್ಕಿಂತ ಮೊದಲಿನ, ಬ್ರಿಟನ್ನಿನ ಡಿಂಕಿ ಹೆಸರಿನ ಲೋಹದ ಆಟಿಕೆಗಳು ಈ ರೋಗಕ್ಕೆ ಹೆಸರುವಾಸಿ. ಗುರುತು ಹೀಗೆ: ಮೈತುಂಬ ಕೂದಲೆಳೆಯ ಬಿರುಕು, ಊದಿಕೊಂಡ ಮೈ, ಮೊದಲು ಸರಿಯಾಗಿ ಕೂರುತ್ತಿದ್ದ ರೆಕ್ಕೆ ಈಗ ತನ್ನ ಸೀಳಿನಲ್ಲಿ ಕೂರದೆ ಇರುವುದು. ಇದಕ್ಕೆ ವಾಸಿಯಿಲ್ಲ. ಒಣ ಜಾಗದಲ್ಲಿಟ್ಟರೆ ನಿಧಾನವಾಗುತ್ತದೆ, ಅಷ್ಟೇ. ನಿಮ್ಮ ಭಯಕ್ಕೆ ಉತ್ತರ: ಪಕ್ಕದ ವಿಮಾನಕ್ಕೆ ಇದು ಅಂಟುವುದಿಲ್ಲ. ಸುಮ್ನೆ ಹೆದರಿ ಮಾರಿಬಿಡಬೇಡಿ.

ಈಗ ಇಡುವ ಜಾಗದ ಮಾತು. ನಮ್ಮ ಕಡೆ ಜುಲೈನಲ್ಲಿ ಗಾಳಿಯ ತೇವ 90 ಶೇಕಡಾ ದಾಟುವುದು ಮಾಮೂಲು. ಮಾದರಿಗಳಿಗೆ 40ರಿಂದ 50 ಇದ್ದರೆ ಕ್ಷೇಮ. ಹಳ್ಳಿಮನೆಯಲ್ಲಿ ಒಲೆ ಮೇಲಿನ ಅಟ್ಟವೇ ಬೆಚ್ಚಗಿನ ಜಾಗ, ಅಲ್ವಾ? ಬಿತ್ತನೆ ಬೀಜಕ್ಕೆ ಅದು ಒಳ್ಳೆಯದು, ವಿಮಾನಕ್ಕಲ್ಲ. ಕಟ್ಟಿಗೆ ಹೊಗೆಯಲ್ಲಿ ವಿನೆಗರಿನಲ್ಲಿರುವ ಆಮ್ಲವೇ ಇರುತ್ತದೆ. ಹೊಸ ಮರದ ಕಪಾಟೂ ಅದನ್ನೇ ಸ್ವಲ್ಪ ಸ್ವಲ್ಪ ಬಿಡುತ್ತದೆ. ಮುಚ್ಚಿದ ಮರದ ಕಪಾಟಿಗಿಂತ ರಬ್ಬರ್ ಪಟ್ಟಿಯಿರುವ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಯೇ ವಾಸಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ನೋಡಲು ಚೆಂದವಿಲ್ಲ, ಮಳೆಗಾಲ ಮುಗಿಯುವವರೆಗೆ ಸಹಿಸಿಕೊಳ್ಳಿ.

ಡಬ್ಬಿಯನ್ನು ಏಪ್ರಿಲ್‌ನಲ್ಲೇ, ಗಾಳಿ ಒಣಗಿರುವಾಗ ಮುಚ್ಚಿ. ಒಳಗೆ ಒಂದು ಹಿಡಿ ಸಿಲಿಕಾ ಜೆಲ್ (ತೇವ ಹೀರುವ ಕಾಳು) ಬಟ್ಟೆಯಲ್ಲಿ ಕಟ್ಟಿಡಿ, ಒಂದು ಸಣ್ಣ ತೇವಾಂಶ ಮೀಟರ್ ಇಡಿ. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಹಸಿರಾದರೆ ಜೆಲ್ ನೀರು ಕುಡಿದು ತುಂಬಿದೆ ಅಂತ ಅರ್ಥ. ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ, ಓವನ್‌ನಲ್ಲಿ ಸುಮಾರು 120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಇದರ ಬದಲು ಉಪ್ಪಿನ ಗಂಟು ಇಡುವವರಿದ್ದಾರೆ, ಬೇಡ. ಉಪ್ಪು ಲೋಹವನ್ನು ಇನ್ನೂ ಬೇಗ ತಿನ್ನುತ್ತದೆ. ಬೆರಳಿನ ಬೆವರಿನಲ್ಲಿರುವುದೂ ಉಪ್ಪೇ. ಹತ್ತಿ ಕೈಗವಸು ಹಾಕಿಕೊಂಡು ಎತ್ತಿ.

ಬಟ್ಟೆಗೆ ಹಾಕುವ ನುಸಿಗುಳಿಗೆಯನ್ನೂ ಹತ್ತಿರ ತರಬೇಡಿ. ಅದರ ಆವಿಗೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಕಾಕ್‌ಪಿಟ್‌ನ ಗಾಜಿನಂಥ ಮುಚ್ಚಳ ಎಷ್ಟೋ ಮಾದರಿಗಳಲ್ಲಿ ಅದರದ್ದೇ. ಮೆತ್ತನೆ ಟೈರಿನ ಜೀಪು, ಲಾರಿ ಇದ್ದರೆ ಚಕ್ರದಡಿ ಪಾಲಿಥೀನ್ ತುಂಡು ಹಾಕಿ. ಇಲ್ಲವಾದರೆ ಟೈರು ವರ್ಷಗಳಲ್ಲಿ ಪ್ಲಾಸ್ಟಿಕ್ ಸ್ಟ್ಯಾಂಡನ್ನು ಕರಗಿಸಿ ಅದಕ್ಕೇ ಅಂಟಿಕೊಳ್ಳುತ್ತದೆ. ಒಣಗಲಿ ಅಂತ ಬಿಸಿಲಿಗೂ ಇಡಬೇಡಿ, ಬಣ್ಣ ಮಾಸುತ್ತದೆ.

ನಿಮ್ಮ ಹಂಟರ್‌ನ ಗುಳ್ಳೆಯ ಸುತ್ತ ಪೆನ್ಸಿಲಿನಲ್ಲಿ ಹಗುರವಾಗಿ ಗೆರೆ ಹಾಕಿ, ಫೋಟೊ ತೆಗೆದು, ಜೆಲ್ ಇರುವ ಡಬ್ಬಿಯಲ್ಲಿ ಒಂದು ತಿಂಗಳು ಇಡಿ. ಗುಳ್ಳೆ ಗೆರೆ ದಾಟಿಲ್ಲ, ಬಿರುಕೂ ಇಲ್ಲ ಅಂದರೆ ಅದು ಬಹುಶಃ ಬರೀ ಮೇಲಿನ ತುಕ್ಕು. ಪುಡಿ ಕೆರೆದು ವಾರ್ನಿಷ್ ಹಚ್ಚಿ. ಇಡೀ ರೆಕ್ಕೆಗೆ ಹೊಸ ಬಣ್ಣ ಮಾತ್ರ ಬಳಿಯಬೇಡಿ, ಕಾರ್ಖಾನೆಯ ಬಣ್ಣ ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ.