ಎರಾಟಾ: ವಾರ್‌ಗೇಮ್‌ಗಳ ಒಪ್ಪೋಲೆ

ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ಪುಟ, ಸಾಲು, ತಪ್ಪು, ಒಪ್ಪು ಎಂಬ ಅಂಕಣಗಳಿರುವ ಪಟ್ಟಿಯೊಂದು ಇರುತ್ತಿತ್ತು. ಅದನ್ನು ಕೆಲವರು ಒಪ್ಪೋಲೆ ಎಂದು, ಕೆಲವರು ಶುದ್ಧಿಪತ್ರ ಎಂದು ಕರೆದರು. ಇಂಗ್ಲಿಷಿನಲ್ಲಿ ಇದರ ಹೆಸರು ಎರಾಟಾ. ದಾರಿ ತಪ್ಪಿ ಅಲೆಯುವುದು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ‘ಎರಾರೆ’ ಇದರ ಮೂಲ. ಒಂದೇ ತಪ್ಪಿದ್ದರೆ ಎರಾಟಂ, ಹಲವಿದ್ದರೆ ಎರಾಟಾ. ಕಾದಂಬರಿಯಲ್ಲಿ ಅಚ್ಚಿನ ದೋಷ ಉಳಿದಿದ್ದರೆ ಓದುಗರು ಅದನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಮುಂದಕ್ಕೆ ಹೋಗುತ್ತಾರೆ. ಯುದ್ಧವನ್ನು ಅನುಕರಿಸುವ ಬೋರ್ಡ್ ಆಟಗಳಲ್ಲಿ, ಅಂದರೆ ವಾರ್‌ಗೇಮ್‌ಗಳಲ್ಲಿ, ಹಾಗೆ ಹೋಗಲು ಬರುವುದಿಲ್ಲ. ಅಲ್ಲಿ ಓದುಗರು ಇಬ್ಬರು, ಮತ್ತು ಆ ಇಬ್ಬರೂ ಗೆಲ್ಲಬೇಕೆಂದೇ ಕುಳಿತಿರುತ್ತಾರೆ.

ಈ ಆಟಗಳ ವಾಣಿಜ್ಯ ರೂಪಕ್ಕೆ ನಾಂದಿ ಹಾಡಿದವರು ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್. ಅವರ ‘ಟ್ಯಾಕ್ಟಿಕ್ಸ್’ 1954ರಲ್ಲಿ ಬಂದಿತು. 1958ರಲ್ಲಿ ಅವರು ಬಾಲ್ಟಿಮೋರ್‌ನಲ್ಲಿ ಅವಲಾನ್ ಹಿಲ್ ಸಂಸ್ಥೆಯನ್ನು ಕಟ್ಟಿದರು. ಷಟ್ಕೋನ ಮನೆಗಳ ನಕ್ಷೆ, ಸೈನ್ಯದ ತುಕಡಿಗಳನ್ನು ಸೂಚಿಸುವ ರಟ್ಟಿನ ಚಿಕ್ಕ ಕೌಂಟರ್‌ಗಳು, ದಾಳ ಬಿದ್ದಂತೆ ಕದನದ ಫಲವನ್ನು ಹೇಳುವ ಕೋಷ್ಟಕ, ಇವುಗಳ ಜೊತೆಗೆ ಹತ್ತಾರು ಪುಟಗಳ ನಿಯಮ ಪುಸ್ತಕ: ಪೆಟ್ಟಿಗೆಯೊಳಗೆ ಇರುವುದು ಇಷ್ಟು. ಒಂದೇ ನಿಯಮವು ಪುಸ್ತಕದಲ್ಲೂ ಕೋಷ್ಟಕದಲ್ಲೂ ಕೌಂಟರಿನ ಮೇಲೂ ಬೇರೆ ಬೇರೆ ರೂಪದಲ್ಲಿ ಅಚ್ಚಾಗುವುದರಿಂದ ಮೂರೂ ಒಂದನ್ನೊಂದು ಒಪ್ಪದೆ ಹೋಗುವ ಸಂಭವ ಹೆಚ್ಚು. 1970ರ ದಶಕದಲ್ಲಿ ನ್ಯೂಯಾರ್ಕಿನ ಎಸ್‌ಪಿಐ ಸಂಸ್ಥೆಯು ತನ್ನ ‘ಸ್ಟ್ರಾಟಜಿ ಆ್ಯಂಡ್ ಟ್ಯಾಕ್ಟಿಕ್ಸ್’ ಪತ್ರಿಕೆಯ ಸಂಚಿಕೆಗೊಂದು ಆಟವನ್ನು ಇಟ್ಟು ಕಳಿಸುತ್ತಿತ್ತು. ಪತ್ರಿಕೆಯ ಗಡುವಿಗೆ ಸಿಕ್ಕ ಆಟದಲ್ಲಿ ದೋಷ ಉಳಿಯದಿದ್ದರೆ ಅದೇ ಆಶ್ಚರ್ಯ. ಆದರೆ ನಿಯಮಗಳಿಗೆ ಕಾನೂನಿನ ಕಲಮುಗಳಂತೆ 5.3, 5.32 ಎಂದು ಸಂಖ್ಯೆ ಕೊಡುವ ಕ್ರಮವನ್ನು ರೂಢಿಗೆ ತಂದದ್ದೂ ಅದೇ ಸಂಸ್ಥೆ. ತಿದ್ದುಪಡಿಯ ಮಟ್ಟಿಗೆ ಇದು ದೊಡ್ಡ ಉಪಕಾರ, ಏಕೆಂದರೆ ಯಾವುದನ್ನು ತಿದ್ದುತ್ತಿದ್ದೇವೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳಲು ಅದರಿಂದ ಸಾಧ್ಯವಾಯಿತು.

ಎರಾಟಾ ಎಂಬ ಪದವನ್ನು ಆಟಗಾರರು ಸಡಿಲವಾಗಿ ಬಳಸುತ್ತಾರೆ. ಪಟ್ಟಿಯನ್ನು ನೋಡಿಕೊಳ್ಳುವವರು ಹಾಗೆ ಬಳಸಬಾರದು. ನಕ್ಷೆಯಲ್ಲಿ ಕಾಡಿರುವ ಮನೆಯನ್ನು ಹೊಗಲು ಎರಡು ಚಲನಾಂಕ (ತುಕಡಿಯ ನಡೆಗೆ ತಗಲುವ ಅಂಕ) ಬೇಕೆಂದು ನಿಯಮವೂ ಮೂರು ಬೇಕೆಂದು ಕೋಷ್ಟಕವೂ ಹೇಳುತ್ತವೆ ಎಂದಿಟ್ಟುಕೊಳ್ಳೋಣ. ಎರಡೇ ಸರಿ ಎಂದು ವಿನ್ಯಾಸಕಾರರು ತಿಳಿಸಿದರೆ ಅದು ನಿಜವಾದ ಎರಾಟಂ: ಉದ್ದೇಶವೊಂದಿತ್ತು, ಅಚ್ಚಾದದ್ದು ಇನ್ನೊಂದು. ಕಾಡಿನೊಳಗೆ ರಸ್ತೆ ಹಾದುಹೋಗಿದ್ದರೆ ಏನು ಲೆಕ್ಕ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ಸ್ಪಷ್ಟೀಕರಣ. ಅಲ್ಲಿ ಪಠ್ಯ ತಪ್ಪಿಲ್ಲ, ಸಾಲದು ಅಷ್ಟೆ. ಆಟ ಒಂದು ಪಕ್ಷದ ಕಡೆಗೆ ವಾಲಿದೆ ಎಂದು ಕಂಡು ಎರಡನ್ನು ಮೂರಕ್ಕೆ ಏರಿಸಿದರೆ ಅದು ತಿದ್ದುಪಡಿಯ ವೇಷ ತೊಟ್ಟ ಹೊಸ ನಿಯಮ. ಇನ್ನು ಗೆಳೆಯರ ಬಳಗವೊಂದು ತನ್ನಷ್ಟಕ್ಕೆ ಒಪ್ಪಿಕೊಂಡದ್ದು ಮನೆ ನಿಯಮ. ನಮ್ಮ ಚೌಕಾಬಾರವೆಲ್ಲ ಇಂಥ ಮನೆ ನಿಯಮಗಳ ಮೇಲೆಯೇ ನಡೆದುಬಂದಿದೆ. ಅದಕ್ಕೆ ಕರ್ತೃವೂ ಇಲ್ಲ, ಮೂಲಪಾಠವೂ ಇಲ್ಲ, ಹಾಗಾಗಿ ಎರಾಟಾ ಎಂಬ ಮಾತೇ ಹುಟ್ಟುವುದಿಲ್ಲ. ಮನೆಯ ಹಿರಿಯರು ಹೇಳಿದ್ದೇ ಕೊನೆ.

ವಾರ್‌ಗೇಮ್‌ನಲ್ಲಿ ಕೊನೆಯ ಮಾತು ಯಾರದು? ನನ್ನ ಮಟ್ಟಿಗೆ ಎರಾಟಾ ನಿರ್ವಹಣೆಯ ತಿರುಳಿರುವುದು ಈ ಪ್ರಶ್ನೆಯಲ್ಲಿ. ಅವಲಾನ್ ಹಿಲ್ ಕಾಲದಲ್ಲಿ ಆಟಗಾರರು ಒಂದೇ ಮಾತಿನಲ್ಲಿ ಉತ್ತರಿಸಬಹುದಾದಂತೆ ಪ್ರಶ್ನೆಯನ್ನು ಬರೆದು, ತಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಜೊತೆಗಿಟ್ಟು ಕಳಿಸಬೇಕಿತ್ತು. ಆಯ್ದ ಪ್ರಶ್ನೋತ್ತರಗಳು ಸಂಸ್ಥೆಯ ‘ದಿ ಜನರಲ್’ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. 1985ರಲ್ಲಿ ಬಂದ ‘ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್’ ಆಟದ ವಿಷಯದಲ್ಲಿ ಇಂದಿಗೂ ಇಂಥ ಎರಡು ಬಗೆಯ ಉತ್ತರಗಳಿವೆ. ಈಗಿನ ಪ್ರಕಾಶಕರ ಕಡೆಯಿಂದ ಪೆರ್ರಿ ಕಾಕ್ ಅವರು ಮಿಂಚಂಚೆಯಲ್ಲಿ ಕೊಡುವ ಉತ್ತರಗಳು ಆಟಗಾರರ ನಡುವೆ ‘ಪೆರ್ರಿ ಸೆಜ್’, ಎಂದರೆ ‘ಪೆರ್ರಿ ಹೇಳುತ್ತಾರೆ’, ಎಂಬ ಹೆಸರಿನಿಂದಲೇ ಚಲಾವಣೆಯಲ್ಲಿವೆ. ಅಚ್ಚಾಗಿ ಹೊರಬಂದ ಎರಾಟಾದ ತೂಕ ಬೇರೆ. ಅಭಿಮಾನಿಗಳು ಈ ಎರಡನ್ನೂ ಸಂಗ್ರಹಿಸುವುದು ಸರಿಯೇ, ಆದರೆ ಒಂದೇ ಪಟ್ಟಿಯಲ್ಲಿ ಗುರುತಿಲ್ಲದೆ ಬೆರೆಸಿದರೆ ಪಟ್ಟಿಯ ಬೆಲೆಯೇ ಹೋಗುತ್ತದೆ.

ವಿಚಿತ್ರವಾಗಿ ಕಾಣುವುದೆಲ್ಲ ತಪ್ಪಲ್ಲ ಎಂಬುದನ್ನೂ ನೆನಪಿಡಬೇಕು. 1979ರಲ್ಲಿ ಎಸ್‌ಪಿಐ ಹೊರತಂದ ‘ದಿ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ’ ಆಟದಲ್ಲಿ ಇಟಲಿಯ ತುಕಡಿಗಳಿಗೆ ಪಾಸ್ತಾ ಬೇಯಿಸಲು ಹೆಚ್ಚಿನ ನೀರು ಒದಗಿಸಬೇಕೆಂಬ ನಿಯಮವಿದೆ. ಅದು ತಮಾಷೆಗೆಂದು ಸೇರಿಸಿದ್ದು ಎಂದು ವಿನ್ಯಾಸಕಾರ ರಿಚರ್ಡ್ ಬರ್ಗ್ ಮುಂದೆ ಹೇಳಿದರು. ಇತಿಹಾಸಕ್ಕೆ ಹೊಂದುವುದಿಲ್ಲವೆಂದು ಅಭಿಮಾನಿಯೊಬ್ಬರು ಅದನ್ನು ಎರಾಟಾ ಪಟ್ಟಿಯಲ್ಲಿ ಹೊಡೆದುಹಾಕಿದರೆ ಅದು ತಿದ್ದಿದಂತಾಗುವುದಿಲ್ಲ, ಕರ್ತೃವಿನ ಮಾತನ್ನು ಅಳಿಸಿದಂತಾಗುತ್ತದೆ.

ಒಳ್ಳೆಯ ನಮೂದಿನಲ್ಲಿ ನಿಯಮದ ಸಂಖ್ಯೆ, ತಪ್ಪಿದ ಮಾತು, ಸರಿಯಾದ ಮಾತು, ಹೇಳಿದವರು ಯಾರು, ಹೇಳಿದ ದಿನಾಂಕ, ಯಾವ ಮುದ್ರಣಕ್ಕೆ ಅನ್ವಯ ಎಂಬಿಷ್ಟು ಇರಬೇಕು. ಜನ ಮರೆಯುವುದು ಕೊನೆಯದನ್ನು. ಮೊದಲ ಮುದ್ರಣದ ದೋಷ ಎರಡನೆಯದರಲ್ಲಿ ಸರಿಯಾಗಿದ್ದರೆ, ಎರಡನೆಯ ಮುದ್ರಣವನ್ನು ಕೊಂಡವರು ಹಳೆಯ ಪಟ್ಟಿಯನ್ನು ನೋಡಿ, ಸರಿಯಿದ್ದದ್ದನ್ನು ಮತ್ತೊಮ್ಮೆ ತಿದ್ದಲು ಹೋಗಿ ಕೆಡಿಸಿಕೊಳ್ಳುವುದುಂಟು. ಉತ್ತರವೊಂದನ್ನು ಹೇಳಿದವರೇ ಹಿಂತೆಗೆದುಕೊಂಡರೆ ಆ ನಮೂದನ್ನು ಸದ್ದಿಲ್ಲದೆ ತೆಗೆಯುವ ಬದಲು ‘ರದ್ದಾಗಿದೆ’ ಎಂದು ಬರೆದು ಉಳಿಸುವುದು ಮೇಲು. ಇಲ್ಲವಾದರೆ ಹಳೆಯ ಪ್ರತಿಯನ್ನು ಅಚ್ಚು ಹಾಕಿಸಿ ಇಟ್ಟುಕೊಂಡವರಿಗೆ ಬದಲಾವಣೆ ತಿಳಿಯುವ ದಾರಿಯೇ ಇರುವುದಿಲ್ಲ.

ಪ್ರಕಾಶಕರೂ ತಮ್ಮ ದಾರಿಗಳನ್ನು ಹುಡುಕಿಕೊಂಡಿದ್ದಾರೆ. ‘ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್’ ನಿಯಮಗಳು ಬಿಡಿ ಹಾಳೆಗಳಾಗಿ ಬೈಂಡರಿನಲ್ಲಿ ಬಂದವು. ಮುಂದಿನ ಭಾಗಗಳ ಜೊತೆ ಬಂದ ಹೊಸ ಹಾಳೆಯನ್ನು ಹಳೆಯದರ ಜಾಗಕ್ಕೆ ಸೇರಿಸಿದರಾಯಿತು. ಕ್ಯಾಲಿಫೋರ್ನಿಯಾದ ಜಿಎಂಟಿ ಗೇಮ್ಸ್ ಸಂಸ್ಥೆಯು ‘ಲಿವಿಂಗ್ ರೂಲ್ಸ್’ ಎಂಬ ಹೆಸರಿನಲ್ಲಿ ತಿದ್ದಿದ ಪೂರ್ಣ ಪಠ್ಯವನ್ನೇ ಉಚಿತವಾಗಿ ಒದಗಿಸುತ್ತದೆ. ಇದು ಓದಲು ಹಿತ, ಆದರೆ ಬದಲಾದ ಸಾಲುಗಳಿಗೆ ಗುರುತು ಹಾಕದಿದ್ದರೆ ಏನು ಬದಲಾಯಿತೆಂದು ತಿಳಿಯಲು ಎರಡೂ ಪ್ರತಿಗಳನ್ನು ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಬೇಕಾಗುತ್ತದೆ. ಕೌಂಟರಿನ ಮೇಲಿನ ತಪ್ಪಿಗೆ ಮಾತ್ರ ಯಾವ ಪಠ್ಯವೂ ಸಾಲದು: ಬದಲಿ ಕೌಂಟರ್ ಮುಂದಿನ ಆಟದ ಜೊತೆಗೋ ಪತ್ರಿಕೆಯ ಜೊತೆಗೋ ಅಚ್ಚಾಗಿ ಬರುವವರೆಗೆ, ರಟ್ಟಿನ ಚೂರಿನ ಮೇಲಿನ 4ನ್ನು ಪೆನ್ನಿನಿಂದ 5 ಮಾಡಿಕೊಂಡು ಆಡಬೇಕು.